ಇಂಗ್ಲೆಂಡಿನ ಲೆಸ್ಟರಿನಲ್ಲಿ ಓದುತ್ತಿರುವ ಸೋದರಳಿಯನಿಗೆ, ಬಾಜಿಯ ವಿಷಯವಾಗಿ

ಹಾಸನ

ಚಿ. ಸುಹಾಸನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದಿರುವುದರಿಂದ ನಿನ್ನ ಅಮ್ಮನ ಮಂಡಿನೋವು ಮಾತ್ರ ಸ್ವಲ್ಪ ಜಾಸ್ತಿ. ಓದಿಗೆಂದು ಕಳಿಸಿದ ಹಣವನ್ನು ಮೊಬೈಲಿನಲ್ಲಿ ಬಾಜಿ ಕಟ್ಟಿ ಕಳೆದುಕೊಂಡೆ ಎಂದು ಭಾನುವಾರ ನೀನು ಫೋನಿನಲ್ಲಿ ಹೇಳಿದ್ದನ್ನು ಅವಳಿಗಾಗಲಿ ಭಾವನಿಗಾಗಲಿ ನಾನು ಹೇಳಿಲ್ಲ. ಹೇಳಬೇಕಾದವನು ನೀನು. ಅವತ್ತು ಇಬ್ಬರದೂ ದನಿ ಏರಿತು. ಬರೆದರೆ ಸಮಾಧಾನವಾಗಿ ಹೇಳಬಹುದು ಎಂದು ಕೂತಿದ್ದೇನೆ.

“ಇದು ಊರಿನ ಬುಕ್ಕಿ ಹತ್ತಿರ ಕದ್ದು ಆಡೋದಲ್ಲ ಮಾವ, ಸರ್ಕಾರ ಲೈಸೆನ್ಸ್ ಕೊಟ್ಟಿರೋ ಕಂಪನಿ” ಅಂದೆ. ನಿಜ. ಬ್ರಿಟನ್ನಿನಲ್ಲಿ 2005ರ ಜೂಜು ಕಾಯ್ದೆ ಇದೆ, ಬರ್ಮಿಂಗ್‌ಹ್ಯಾಮಿನಲ್ಲಿ ಗ್ಯಾಂಬ್ಲಿಂಗ್ ಕಮಿಷನ್ ಕೂತಿದೆ, ತಪ್ಪಿದ ಕಂಪನಿಗಳಿಗೆ ದಂಡ ಹಾಕುತ್ತದೆ. ನಮ್ಮಲ್ಲಿ 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ಪೂರ್ತಿ ನಿಷೇಧಿಸಿತು. ಯಾವ ದಾರಿ ಸರಿ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಕದ್ದು ನಡೆಯುವ ದಂಧೆಗಿಂತ ಲೆಕ್ಕ ಕೊಡುವ ದಂಧೆ ವಾಸಿ ಎಂದು ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ಕೂತವನಿಗೂ ಅನ್ನಿಸುತ್ತದೆ. ಆದರೆ ಆ ಕಾನೂನು ಯಾರನ್ನು ಕಾಯುತ್ತದೆ, ಹೇಗೆ ಕಾಯುತ್ತದೆ ಎಂಬುದನ್ನು ನೀನು ಓದಿಕೊಂಡಿಲ್ಲ. ನಾನು ಓದಿದೆ. ನಿವೃತ್ತನಿಗೆ ಬೇರೇನು ಕೆಲಸ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಅಲ್ಲಿನ ಒಂದೊಂದು ನಿಯಮವೂ ಹಾಗೇ ಬಂದದ್ದು. ನಿಮ್ಮ ಪೇಟೆಬೀದಿಯ ಬೆಟ್ಟಿಂಗ್ ಅಂಗಡಿಗಳಲ್ಲಿ ಯಂತ್ರಗಳಿವೆ ನೋಡು. ಒಂದು ಕಾಲಕ್ಕೆ ಅವುಗಳಲ್ಲಿ ಇಪ್ಪತ್ತು ಸೆಕೆಂಡಿಗೊಮ್ಮೆ 100 ಪೌಂಡ್ ಹೂಡಬಹುದಿತ್ತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳೂ ಸೇರಿ ವರ್ಷಗಟ್ಟಲೆ ಕೂಗಾಡಿದ ಮೇಲೆ 2018ರಲ್ಲಿ ಸರ್ಕಾರ ಅದನ್ನು 2 ಪೌಂಡಿಗೆ ಇಳಿಸುತ್ತೇವೆ ಎಂದಿತು. ಆಮೇಲೆ ಜಾರಿಯ ದಿನವನ್ನು 2019ರ ಅಕ್ಟೋಬರಿಗೆ ಇಟ್ಟಿತು. ಕ್ರೀಡಾ ಸಚಿವೆ ಟ್ರೇಸಿ ಕ್ರೌಚ್ ಅದೇ ಕಾರಣಕ್ಕೆ ರಾಜೀನಾಮೆ ಬಿಸಾಡಿ ಹೊರಬಂದರು. ಆರು ತಿಂಗಳ ತಡಕ್ಕೆ ಒಬ್ಬ ಮಂತ್ರಿ ಕುರ್ಚಿ ಬಿಟ್ಟದ್ದು! ಸರ್ಕಾರ ಬಗ್ಗಿತು, 2019ರ ಏಪ್ರಿಲ್ 1ರಿಂದಲೇ ಮಿತಿ ಜಾರಿಯಾಯಿತು. 2020ರ ಏಪ್ರಿಲಿನಲ್ಲಿ ಕ್ರೆಡಿಟ್ ಕಾರ್ಡಿನಿಂದ ಬಾಜಿ ಕಟ್ಟುವುದನ್ನು ನಿಲ್ಲಿಸಿದರು, ಜನ ಸಾಲ ಎತ್ತಿ ಆಡಿ ಮುಳುಗುತ್ತಿದ್ದರು ಎಂದು. ಇನ್ನು ಮೊಬೈಲಿನ ಸ್ಲಾಟ್ ಆಟ, ಗುಂಡಿ ಒತ್ತಿದರೆ ಚಿತ್ರಗಳು ಒಂದು ಸುತ್ತು ತಿರುಗುತ್ತವಲ್ಲ, ಅದು. 2025ರ ಏಪ್ರಿಲಿನಿಂದ ದೊಡ್ಡವರಿಗೆ ಒಂದು ಸುತ್ತಿಗೆ 5 ಪೌಂಡ್ ಮಿತಿ. ಮೇ ತಿಂಗಳಿನಿಂದ 18ರಿಂದ 24 ವಯಸ್ಸಿನವರಿಗೆ ಮಾತ್ರ 2 ಪೌಂಡ್. ನಿನಗೀಗ ಇಪ್ಪತ್ತಮೂರು. ನಿನ್ನ ವಯಸ್ಸಿನವರ ಕೈ ತಡೆಯುವುದಿಲ್ಲ ಎಂದು ನಾನು ಹೇಳಿದರೆ ಸಿಟ್ಟು ಬರುತ್ತದೆ, ಅಲ್ಲಿನ ಸರ್ಕಾರವೇ ಬರೆದಿಟ್ಟಿದೆ.

2 ಪೌಂಡ್ ಏನು ಮಹಾ ಅನ್ನಬೇಡ. ಪೆನ್ನು ಹಿಡಿ. ಒಂದು ಸುತ್ತಿಗೆ ಕನಿಷ್ಠ ಎರಡೂವರೆ ಸೆಕೆಂಡು ಇರಬೇಕೆಂದು ಅಲ್ಲಿನ ನಿಯಮ. ಅಂದರೆ ಗಂಟೆಗೆ 1,440 ಸುತ್ತು, 2,880 ಪೌಂಡ್. ನೂರಕ್ಕೆ ತೊಂಬತ್ತೈದು ಹಿಂದಿರುಗಿಸುವ ಆಟ ಎಂದೇ ಇಟ್ಟುಕೊಂಡರೂ ಗಂಟೆಗೆ 144 ಪೌಂಡ್ ಹೋಯಿತು. ಯಾರೂ ಬಿಡದೆ ಒತ್ತುತ್ತಾ ಕೂರುವುದಿಲ್ಲ, ಅರ್ಧಕ್ಕೆ ಇಳಿಸು: 72 ಪೌಂಡ್. ಗೋದಾಮಿನಲ್ಲಿ ಗಂಟೆಗೆ 12 ಪೌಂಡ್ ಚಿಲ್ಲರೆಯಂತೆ ಆರು ಗಂಟೆ ಡಬ್ಬ ಹೊತ್ತದ್ದು. ವೀಸಾ ಪ್ರಕಾರ ಕಾಲೇಜು ನಡೆಯುವಾಗ ವಾರಕ್ಕೆ ಇಪ್ಪತ್ತೇ ಗಂಟೆ ದುಡಿಯಬಹುದಲ್ಲವೇ?

ಕ್ರಿಕೆಟ್ಟಿನಲ್ಲಿ ಹಾಗಲ್ಲ, ನನಗೆ ಆಟ ಗೊತ್ತು ಅಂತೀಯ. ಎರಡು ತಂಡಗಳೂ ಸಮಬಲ ಇರುವ ಪಂದ್ಯದಲ್ಲಿ ಆ್ಯಪು ಎರಡಕ್ಕೂ 1.91 ದರ ತೋರಿಸುತ್ತದೆ, ಅಂದರೆ ಗೆದ್ದರೆ ನೂರು ಕಟ್ಟಿದ್ದಕ್ಕೆ ಒಟ್ಟು 191 ಕೈಗೆ. ಎರಡರ ಮೇಲೂ ನೂರು ನೂರು ಕಟ್ಟಿ ನೋಡು. ಯಾರೇ ಗೆಲ್ಲಲಿ 200 ಕೊಟ್ಟು 191 ಪಡೆಯುತ್ತೀಯ. ಟಾಸ್ ಹಾಕುವ ಮೊದಲೇ ನಿನ್ನ 9 ಪೌಂಡ್ ಅವರ ಪೆಟ್ಟಿಗೆಯಲ್ಲಿ. ಇದನ್ನೂ ಮೀರಿ ನಿಜವಾಗಿಯೂ ಗೆಲ್ಲುತ್ತಾ ಹೋದೆ ಅನ್ನು, ಆಗ ಕಂಪನಿ ನಿನ್ನ ಖಾತೆಗೆ ಮಿತಿ ಹಾಕಿ ಪುಡಿಗಾಸಿನ ಬಾಜಿ ಮಾತ್ರ ಒಪ್ಪುತ್ತದೆ. ಅಲ್ಲಿ ಅದು ಕಾನೂನುಬಾಹಿರವಲ್ಲ. ಅವರು ಇಟ್ಟುಕೊಳ್ಳುವುದು ಸೋಲುವ ಗಿರಾಕಿಯನ್ನು. ನಿನಗೆ ತಿಂಗಳಿಗೆರಡು ಬಾರಿ “ಫ್ರೀ ಬೆಟ್” ಬರುತ್ತದೆ ಎಂದು ಹೆಮ್ಮೆಯಿಂದ ಹೇಳಿದೆಯಲ್ಲ, ಯೋಚಿಸು.

ಈಗ ನನ್ನ ನಿದ್ದೆ ಕೆಡಿಸಿದ ವಿಷಯ. 2025ರ ಫೆಬ್ರುವರಿಯಿಂದ ಒಂದು ನಿಯಮ ಇದೆ: ಮೂವತ್ತು ದಿನದಲ್ಲಿ ನಿವ್ವಳ 150 ಪೌಂಡಿಗಿಂತ ಹೆಚ್ಚು ತುಂಬಿದವನ ಹಣಕಾಸಿನ ಸ್ಥಿತಿಯನ್ನು ಕಂಪನಿ ಪರೀಕ್ಷಿಸಬೇಕು. ಕೇಳಲು ಭರವಸೆಯಾಗುತ್ತದೆ. ಆದರೆ ಅವರು ನೋಡುವುದು ಅಲ್ಲಿನ ಸಾರ್ವಜನಿಕ ದಾಖಲೆ, ದಿವಾಳಿ ಎದ್ದಿದ್ದಾನೆಯೇ, ಸಾಲದ ಕೇಸಿನಲ್ಲಿ ಕೋರ್ಟು ತೀರ್ಪು ಬಂದಿದೆಯೇ ಎಂಬಂಥದ್ದು. ನೀನು ನಿನ್ನೆ ಮೊನ್ನೆ ಹೋದವನು. ನಿನ್ನ ಹೆಸರು ಹಾಕಿದರೆ ಹಾಳೆ ಖಾಲಿ, ಮನುಷ್ಯ ಶುಭ್ರ. ನಿನ್ನ ಸಾಲ ಇರುವುದು ಇಲ್ಲಿ, ಭಾವನ ಮನೆಪತ್ರ ಅದಕ್ಕೆ ಅಡವಾಗಿ ಬ್ಯಾಂಕಿನ ಲಾಕರಿನಲ್ಲಿದೆ. ಅದು ಬರ್ಮಿಂಗ್‌ಹ್ಯಾಮಿಗೂ ಕಾಣುವುದಿಲ್ಲ, ಕಂಪನಿಯ ಕಂಪ್ಯೂಟರಿಗೂ ಕಾಣುವುದಿಲ್ಲ. ಕ್ರೆಡಿಟ್ ಕಾರ್ಡ್ ಬಂದ್ ಮಾಡಿ ಸಾಲದ ಹಣ ತಡೆದೆವು ಅಂದುಕೊಂಡಿದ್ದಾರೆ. ನಿನ್ನ ಡೆಬಿಟ್ ಕಾರ್ಡಿನಲ್ಲಿ ಇರುವುದೇ ಸಾಲದ ಹಣ. ಅಲ್ಲೇ ಹುಟ್ಟಿ ಬೆಳೆದ ಹುಡುಗನಿಗೆ ಆ ಬೇಲಿ ಅಷ್ಟಿಷ್ಟು ಆಗಿಬರುತ್ತದೆ. ನಮ್ಮ ಕಡೆಯಿಂದ ಓದಲು ಹೋದವನು ಅದರ ಕಣ್ಣಿಗೇ ಬೀಳುವುದಿಲ್ಲ.

ಇನ್ನೊಂದು, ಇದು ನನ್ನ ಹಳೇ ಕೆಲಸದ ಮಾತು. ವಿದೇಶಕ್ಕೆ ಹಣ ಕಳಿಸುವಾಗ ಎ2 ಫಾರಂ ತುಂಬಬೇಕು, ಯಾವ ಉದ್ದೇಶಕ್ಕೆ ಎಂದು ಬರೆದು ಸಹಿ ಹಾಕಬೇಕು. ನಮ್ಮ ವಿದೇಶಿ ವಿನಿಮಯ ಕಾಯ್ದೆ ಫೆಮಾ ಕೆಳಗಿನ 2000ನೇ ಇಸವಿಯ ನಿಯಮಗಳಲ್ಲಿ ಕಳಿಸಲೇಬಾರದ ಬಾಬ್ತುಗಳ ಪಟ್ಟಿ ಇದೆ: ಲಾಟರಿ ಟಿಕೆಟ್ಟು, ಸ್ವೀಪ್‌ಸ್ಟೇಕ್ಸ್ ಎಂಬ ಚೀಟಿ ಬಾಜಿ, ಪಂದ್ಯಗಳ ಫಲಿತಾಂಶ ಊಹಿಸಿ ಹಣ ಕಟ್ಟುವ ಫುಟ್‌ಬಾಲ್ ಪೂಲ್ಸ್. ಕೊನೆಯದು ನಿಮ್ಮ ಇಂಗ್ಲೆಂಡಿನದೇ ಹಳೇ ಚಟ. ಭಾವ ಸಹಿ ಹಾಕಿದ್ದು ಮಗನ ಓದಿಗೆ, ಊಟಕ್ಕೆ, ಬಾಡಿಗೆಗೆ. ಅವರ ಸಹಿ ಸುಳ್ಳಾಗಬಾರದು.

ಆದ್ದರಿಂದ ಈ ವಾರವೇ ಮಾಡು. ಗ್ಯಾಮ್‌ಸ್ಟಾಪ್ ಅಂತ ಒಂದು ವ್ಯವಸ್ಥೆ ಇದೆ. 2020ರ ಮಾರ್ಚಿನಿಂದ ಲೈಸೆನ್ಸ್ ಇರುವ ಎಲ್ಲ ಆನ್‌ಲೈನ್ ಕಂಪನಿಗಳೂ ಅದಕ್ಕೆ ಸೇರಲೇಬೇಕು. ಹೆಸರು ಕೊಟ್ಟರೆ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ಎಲ್ಲ ಕಡೆ ನಿನ್ನ ಬಾಗಿಲು ಮುಚ್ಚುತ್ತದೆ. ನಡುವೆ ಮನಸ್ಸು ಬದಲಾದರೆ ತೆಗೆಯುವುದಿಲ್ಲ. ನೀನು ಐದು ವರ್ಷ ಒತ್ತು. ಬ್ಯಾಂಕಿನ ಆ್ಯಪಿನಲ್ಲೂ ಜೂಜಿನ ಪಾವತಿ ತಡೆಯುವ ಗುಂಡಿ ಇರುತ್ತದೆ, ಹುಡುಕಿ ಒತ್ತು. ಆಮೇಲೆ “ನಾವು ಗ್ಯಾಮ್‌ಸ್ಟಾಪಿನಲ್ಲಿ ಇಲ್ಲ” ಎಂದೇ ಜಾಹೀರಾತು ಹಾಕುವ ಸೈಟುಗಳು ಎದುರಾಗುತ್ತವೆ. ಲೈಸೆನ್ಸೂ ಇಲ್ಲ, ಕೇಳುವವರೂ ಇಲ್ಲ. ಅಲ್ಲಿಗೆ ಹೋದೆಯೋ, ಫೋನಿನಲ್ಲಿ ಹೇಳಿದ ಆ ನಿನ್ನ ವಾದ ಅಲ್ಲಿಗೇ ಮುಗಿಯಿತು.

ನಿನ್ನ ರೂಮ್‌ಮೇಟ್ ನಿನ್ನ ಪಾಸ್‌ಪೋರ್ಟ್ ಫೋಟೋ ಕೇಳಿದ, ನಿನ್ನ ಹೆಸರಲ್ಲಿ ಖಾತೆ ತೆರೆದು ತಾನು ಆಡುತ್ತಾನಂತೆ, ಐವತ್ತು ಪೌಂಡ್ ಕೊಡುತ್ತಾನಂತೆ. ಖಂಡಿತ ಕೊಡಬೇಡ. ಗುರುತಿನ ಚೀಟಿ ನಿನ್ನದು, ಹಣ ಯಾರದೋ; ನಾಳೆ ಆ ಹಣ ಎಲ್ಲಿಂದ ಬಂತು ಎಂದು ಬ್ಯಾಂಕು ಕೇಳಿದರೆ ಉತ್ತರ ಕೊಡಬೇಕಾದವನು ನೀನು. ವೀಸಾದ ಮೇಲೆ ಇರುವವನಿಗೆ ಆ ಐವತ್ತು ಪೌಂಡ್ ಬಹಳ ದುಬಾರಿ.

ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ, ರಾತ್ರಿ ನಿದ್ದೆ ಇಲ್ಲ ಅಂದೆ. ಅದನ್ನು ಹೇಳಿದ್ದು ಒಳ್ಳೆಯದಾಯಿತು, ನಾಚಿಕೆ ಪಡುವಂಥದ್ದಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇದಕ್ಕೆಂದೇ 2008ರಲ್ಲಿ ಲಂಡನ್ನಿನಲ್ಲಿ ಮೊದಲ ಕ್ಲಿನಿಕ್ ತೆರೆಯಿತು, ಈಗ ಹದಿನೈದು ಇವೆ. ಡಾಕ್ಟರ ಚೀಟಿ ಇಲ್ಲದೆ ನೀನೇ ನೇರ ಹೆಸರು ಬರೆಸಬಹುದು. ವೀಸಾ ಜೊತೆ ಆರೋಗ್ಯದ ಸರ್ಚಾರ್ಜ್ ಕಟ್ಟಿದ್ದೇವೆ, ಪುಕ್ಕಟೆ ಅಂದುಕೊಂಡು ಸಂಕೋಚ ಪಡಬೇಡ. ಅಲ್ಲಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಕ್ಲಬ್ಬುಗಳು 2025-26ರ ಸೀಸನ್ ಮುಗಿದ ಮೇಲೆ ಜೆರ್ಸಿಯ ಎದೆಯ ಮೇಲೆ ಬೆಟ್ಟಿಂಗ್ ಕಂಪನಿಯ ಹೆಸರು ಹಾಕುವುದಿಲ್ಲ ಎಂದು ಒಪ್ಪಿವೆಯಂತೆ. ತೋಳಿನ ಮೇಲೆ ಇರಬಹುದಂತೆ! ಇಂಥ ಊರಿನಲ್ಲಿ ಕಣ್ಣಿಗೆ ಬೀಳದಂತೆ ಬದುಕುವುದು ಕಷ್ಟ, ನನಗೆ ಅರ್ಥವಾಗುತ್ತದೆ. ಪಂದ್ಯ ನೋಡು, ಬೇಡ ಅನ್ನುವುದಿಲ್ಲ. ಗೆಳೆಯರ ಜೊತೆ ಟಿವಿಯಲ್ಲಿ ನೋಡು, ಒಬ್ಬನೇ ಮೊಬೈಲಿನಲ್ಲಿ ಬೇಡ.

ಮುಂದಿನ ಕಂತಿನ ಫೀಸಿಗೆ ಎಷ್ಟು ಕಡಿಮೆ ಬೀಳುತ್ತದೆ ಎಂದು ಬರೆ. ಅಂದಾಜು ಬೇಡ, ಪೆನ್ಸ್ ಸಮೇತ ಬೇಕು. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟಿನ ಪಿಡಿಎಫ್ ಜೊತೆಗಿರಲಿ. ನನ್ನ ಎಫ್‌ಡಿ ಒಂದು ಮುಗಿಯುತ್ತಿದೆ, ಹೊಂದಿಸುತ್ತೇನೆ. ಆದರೆ ಹಣ ವಿಶ್ವವಿದ್ಯಾಲಯದ ಖಾತೆಗೇ ನೇರ ಹೋಗುತ್ತದೆ, ನಿನ್ನ ಖಾತೆಗೆ ಬರುವುದಿಲ್ಲ. ಬೇಸರ ಮಾಡಿಕೊಳ್ಳಬೇಡ. ಶನಿವಾರ ಸಂಜೆ ಅಮ್ಮನಿಗೆ ಫೋನ್ ಮಾಡು, ಕಾಯುತ್ತಿರುತ್ತಾಳೆ.

ಇಂತಿ ನಿನ್ನ ಮಾವ