ಸ್ಟೀರಿಯೊ ಕ್ಯಾಮೆರಾ ಕೊಳ್ಳುವ ಮುಂಚೆ

ಗೆಳೆಯರೇ, ಎರಡು ಲೆನ್ಸ್‌ಗಳಿಂದ 3ಡಿ ಚಿತ್ರ ತೆಗೆಯುವ ಸ್ಟೀರಿಯೊ ಕ್ಯಾಮೆರಾಗಳಲ್ಲಿ ಯಾವುದು ಒಳ್ಳೆಯದು ಅಂತ ಸುಮ್ನೆ ಕೇಳಬೇಡಿ. ಏನು ತೆಗೆಯುತ್ತೀರಿ, ಅದನ್ನು ಮೊದಲು ಹೇಳಿ.

ಎರಡು ಲೆನ್ಸ್‌ಗಳ ನಡುವಿನ ಅಂತರವೇ ಇಲ್ಲಿ ಮುಖ್ಯ. 2010ರ ಫ್ಯೂಜಿ ಡಬ್ಲ್ಯೂ3ಯಲ್ಲಿ ಅದು 75 ಮಿ.ಮೀ. ತೆಗೆಯುವ ವಸ್ತು ಅದರ 30 ಪಟ್ಟು, ಅಂದರೆ ಸುಮಾರು ಎರಡೂಕಾಲು ಮೀಟರ್ ಆಚೆ ಇದ್ದರೆ ಚಿತ್ರ ನೋಡಲು ಹಿತ. ಮೈಸೂರಿನ ಚಾಮುಂಡಿ ಬೆಟ್ಟದ ನಂದಿಗೆ, ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಸರಿಹೋಗುತ್ತದೆ. ರಂಗನತಿಟ್ಟಿನ ದೂರದ ಕೊಕ್ಕರೆಗಳು ಮಾತ್ರ ಚಪ್ಪಟೆಯಾಗಿ ಕಾಣುತ್ತವೆ.

ಮಲ್ಲಿಗೆ ಮೊಗ್ಗು ಬೇಕಾ? ಹೊಸ ಕ್ಯಾಮೆರಾನೇ ಬೇಡ. ಇರುವ ಕ್ಯಾಮೆರಾದಲ್ಲೇ ಒಂದಡಿ ದೂರದಿಂದ ಒಂದು ಚಿತ್ರ, ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ ಇನ್ನೊಂದು. ಎರಡರ ನಡುವೆ ಗಾಳಿ ಬೀಸಿ ಮೊಗ್ಗು ಅಲುಗಬಾರದು ಅಷ್ಟೇ.

ಡಬ್ಲ್ಯೂ3 ಈಗ ಸೆಕೆಂಡ್ ಹ್ಯಾಂಡ್‌ನಲ್ಲೇ ಸಿಗುವುದು. ಎರಡೂ ಲೆನ್ಸ್ ಪರೀಕ್ಷಿಸಿ. ನಾನು ಒಂದನ್ನೇ ನೋಡಿ ದುಡ್ಡು ಕೊಟ್ಟೆ, ಇನ್ನೊಂದರೊಳಗೆ ಬೂಷ್ಟು!