ರಾಂಪತ್ರೆ ಜಡ್ಡಿಯನ್ನು ದಂಡೆಯಿಂದಲೇ ನೋಡಿ

ಮಾನ್ಯರೇ,

ಮಳೆ ಹಿಂದೆ ಸರಿದರೆ ಸಾಕು, ಹೊನ್ನಾವರದಿಂದ ಜೋಗಕ್ಕೆ ಘಟ್ಟ ಹತ್ತುವವರು ಕತ್ತಲೆಕಾನಿನಲ್ಲಿ ಗಾಡಿ ನಿಲ್ಲಿಸಿ ರಾಂಪತ್ರೆ ಜಡ್ಡಿಗೆ, ಅಂದರೆ ಕಾಡು ಜಾಯಿಕಾಯಿ ಮರಗಳ ಜೌಗಿಗೆ ಇಳಿಯುತ್ತಾರೆ, ಬೇರಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸಿಂಗಳೀಕಗಳಿಗಾಗಿ ಕಾಯ್ದಿಟ್ಟ ಕಾಡಿದು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅಭಯಾರಣ್ಯದೊಳಗೆ ಕಾಲಿಡಲು ಅನುಮತಿ ಬೇಕೆಂಬುದು ಒಂದು ಮಾತು. ಕಾಲಿಟ್ಟರೆ ಏನಾಗುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ರಾಂಪತ್ರೆ ನಿಲ್ಲುವುದು ವರ್ಷವಿಡೀ ನೀರು ಜಿನುಗುವ ಕೆಸರಿನಲ್ಲಿ. ಆ ಕೆಸರಿನಲ್ಲಿ ಬೇರಿಗೆ ಗಾಳಿ ಸಿಗದು. ಅದಕ್ಕೇ ಬೇರು ಮಡಚಿದ ಮೊಣಕಾಲಿನಂತೆ ಮೇಲೆದ್ದು ಮತ್ತೆ ಕೆಸರಿಗಿಳಿಯುತ್ತದೆ. ಆ ಗಂಟಿನ ತೊಗಟೆಯ ಸಣ್ಣ ರಂಧ್ರಗಳೇ ಅದರ ಮೂಗು. ಬೂಟು ತಾಗಿ ತೊಗಟೆ ಸುಲಿದರೂ, ಕಲಕಿದ ಹೂಳು ಅದರ ಮೇಲೆ ಕೂತರೂ ಉಸಿರು ಕಟ್ಟುತ್ತದೆ. ಗಂಟುಗಳ ನಡುವೆ ಬೆರಳುದ್ದದ ಸಸಿಗಳಿರುತ್ತವೆ, ನಿಂತು ನೋಡಿದರಷ್ಟೇ ಕಾಣುತ್ತವೆ. ಬೀಜ ಒಣಗಿದರೆ ಮೊಳೆಯದು. ಬೀಜಕ್ಕೆ ಸುತ್ತಿದ ಕೆಂಪು ಪತ್ರೆಯ ಚಂದಕ್ಕೆ ಕಾಯಿ ಹೆಕ್ಕಿ ಕಾರಿನಲ್ಲಿ ಒಯ್ದರೆ ಕಾಡಿಗೂ ಇಲ್ಲ, ನಿಮಗೂ ಇಲ್ಲ. 2000ದಲ್ಲಿ ಈ ಕಾನಿನದೇ ಹೆಸರು ಪಡೆದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಇರುವುದೂ ಇಂಥ ಜಡ್ಡಿಯಲ್ಲೇ. ಗೇರಿನ ಬಳಗದ ಮರವದು, ಸೊನೆಯ ಬಗ್ಗೆ ಎಚ್ಚರವಿರಲಿ.

ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡಿಗೆ ದಾರಿಯಂತೆ ಇಲ್ಲೂ ಹಲಗೆ ದಾರಿ ಬೇಕೆನ್ನುವವರಿದ್ದಾರೆ. ನಮಗದು ಒಪ್ಪಿಗೆಯಿಲ್ಲ. ಕಾಂಡ್ಲಾ ದಿನವೂ ಉಬ್ಬರದ ಹೂಳು ಕಂಡ ಗಿಡ, ರಾಂಪತ್ರೆ ಹಾಗಲ್ಲ. ಇಲ್ಲಿ ಕಂಬ ನೆಡುವ ಗುಂಡಿಯೇ ಬೇರು ಕಡಿಯುತ್ತದೆ.

ರಕ್ತ ಹೀರುವ ಉಂಬಳಕ್ಕೆಂದು (ಜಿಗಣೆ) ಉಪ್ಪು ತಂದು ಹಳ್ಳದ ಬದಿ ಉದುರಿಸುವುದೂ ಬೇಡ. ಕಪ್ಪೆ ಚರ್ಮದಿಂದಲೇ ನೀರು ಹೀರುವ ಜೀವಿ, ಉಪ್ಪು ಅದಕ್ಕೆ ವಿಷ. ಪ್ಯಾಂಟಿನ ಅಂಚನ್ನು ಉದ್ದನೆಯ ಕಾಲುಚೀಲದೊಳಗೆ ಸೇರಿಸಿ. ಹತ್ತಿದ ಉಂಬಳವನ್ನು ಉಗುರಿನಿಂದ ಪಕ್ಕಕ್ಕೆ ತಳ್ಳಿದರೆ ಬಿಡುತ್ತದೆ.

ಡಿಸೆಂಬರ್‌ನಿಂದ ಮೇವರೆಗೆ ಉಂಬಳಕ್ಕಿಂತ ಉಣುಗಿನ (ಉಣ್ಣೆ) ಭಯವೇ ದೊಡ್ಡದು. ಅದು ಕಚ್ಚಿ ಹರಡುವ ಮಂಗನ ಕಾಯಿಲೆ ಸಿದ್ದಾಪುರದ ಕಡೆ ಹೊಸತಲ್ಲ. ತರಗೆಲೆ ಮೇಲೆ ಕೂರಬೇಡಿ, ಉಣುಗನ್ನು ದೂರವಿಡುವ ಡೀಪಾ ಎಣ್ಣೆ ಹಚ್ಚಿಕೊಳ್ಳಿ, ಮನೆಗೆ ಹೋದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ವಾರ, ಹತ್ತು ದಿನದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಅರಣ್ಯ ಇಲಾಖೆಗೆ ನಮ್ಮ ಕೋರಿಕೆ ಇಷ್ಟೇ: ಗಾಡಿ ನಿಲ್ಲುವ ಜಾಗದಲ್ಲೇ ಮೊಣಕಾಲು ಬೇರಿನ ಚಿತ್ರವಿರುವ ಕನ್ನಡ ಫಲಕ ಹಾಕಿ, ದಂಡೆಯ ಮೇಲೆ ನಿಲ್ಲುವ ಜಾಗ ಗುರುತಿಸಿಕೊಡಿ.

— ಕಾನಿನ ಸುತ್ತಲಿನ ಓದುಗರು, ಸಿದ್ದಾಪುರ (ಉ.ಕ.)