ಮಗಳಿಗೊಂದು ಪತ್ರ: ಉಗಿ ಎಂಜಿನ್ ‘ಚುಕುಬುಕು’ ಎನ್ನುವುದೇಕೆ?

ಮೈಸೂರು

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಬೇಸಿಗೆ ರಜೆಯಲ್ಲಿ ನಾವು ಮೆಟ್ಟುಪಾಳ್ಯದಿಂದ ಕೂನೂರಿಗೆ ಉಗಿಬಂಡಿಯಲ್ಲಿ ಹೋಗುವಾಗ, ಎಂಜಿನ್ ‘ಚುಕುಬುಕು’ ಎಂದು ಸದ್ದು ಮಾಡುವುದೇಕೆ ಎಂದು ನೀನು ಕೇಳಿದ್ದೆ. ‘ಹಬೆ ಹೊರಗೆ ಬರುವ ಸದ್ದು’ ಎಂದಷ್ಟೇ ಹೇಳಿ ನಾನು ಸುಮ್ಮನಾದೆ. ಆ ಉತ್ತರ ತಪ್ಪಲ್ಲದಿದ್ದರೂ ಅದರಲ್ಲಿ ಹುರುಳಿರಲಿಲ್ಲ. ಮೊನ್ನೆ ಫೋನಿನಲ್ಲಿ ನೀನು ಇನ್ನೊಂದು ಪ್ರಶ್ನೆ ಕೇಳಿದೆ: ಪಠ್ಯಪುಸ್ತಕದ ಚಿತ್ರದಲ್ಲಿ ಬಾಯ್ಲರ್, ಟರ್ಬೈನ್, ಕಂಡೆನ್ಸರ್, ಪಂಪು ಎಂದು ನಾಲ್ಕು ಚೌಕಗಳಿರುವಾಗ ರೈಲು ಎಂಜಿನ್ನಿನ ಕಂಡೆನ್ಸರ್, ಅಂದರೆ ದುಡಿದ ಹಬೆಯನ್ನು ತಣಿಸಿ ಮತ್ತೆ ನೀರಾಗಿಸುವ ಭಾಗ, ಎಲ್ಲಿದೆ? ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಎಂಬುದು ಆಮೇಲೆ ಹೊಳೆಯಿತು. ಸಾಮಾನ್ಯ ರೈಲು ಎಂಜಿನ್ನಿನಲ್ಲಿ ಕಂಡೆನ್ಸರ್ ಇರುವುದಿಲ್ಲ, ಮತ್ತು ಇಲ್ಲದಿರುವುದರಿಂದಲೇ ಆ ಸದ್ದು ಹುಟ್ಟುತ್ತದೆ. ಇದನ್ನು ಬಿಡಿಸಿ ಹೇಳಲು ಬೆಂಕಿಯಿಂದಲೇ ಆರಂಭಿಸಬೇಕು.

ಅಜ್ಜಿಯ ಮನೆಯ ಬಚ್ಚಲ ಹಂಡೆ ನಿನಗೆ ನೆನಪಿರಬಹುದು. ಅದರಲ್ಲಿ ಉರಿ ತಾಗುವುದು ತಳಕ್ಕೆ ಮತ್ತು ಸ್ವಲ್ಪಮಟ್ಟಿಗೆ ಪಕ್ಕಗಳಿಗೆ. ಉಳಿದ ಶಾಖವೆಲ್ಲ ಹೊಗೆಯೊಂದಿಗೆ ಹೊರಟುಹೋಗುತ್ತದೆ. ರೈಲು ಎಂಜಿನ್ನಿನ ಬಾಯ್ಲರಿನಲ್ಲಿ ಬೆಂಕಿಯೇ ನೀರಿನ ನಡುವೆ ಕುಳಿತಿರುತ್ತದೆ. ಹಿಂಭಾಗದಲ್ಲಿರುವ ಫೈರ್‌ಬಾಕ್ಸಿನ ಪಕ್ಕಗಳನ್ನೂ ನೆತ್ತಿಯನ್ನೂ ನೀರು ಸುತ್ತುವರಿದಿರುತ್ತದೆ, ಮತ್ತು ಅಲ್ಲಿಂದ ಮುಂಭಾಗದ ಸ್ಮೋಕ್‌ಬಾಕ್ಸಿನವರೆಗೆ ಹತ್ತಾರು ಸಣ್ಣ ಕೊಳವೆಗಳು ನೀರಿನೊಳಗೇ ಹಾದುಹೋಗುತ್ತವೆ. ಕೊಳವೆಗಳ ಒಳಗೆ ಬಿಸಿ ಹೊಗೆ, ಹೊರಗೆ ನೀರು. 1829ರಲ್ಲಿ ಇಂಗ್ಲೆಂಡಿನ ರೇನ್‌ಹಿಲ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಗೆದ್ದ ಸ್ಟೀಫನ್‌ಸನ್ನರ ‘ರಾಕೆಟ್’ ಎಂಜಿನ್ನಿನಲ್ಲಿ ಇಂಥ 25 ತಾಮ್ರದ ಕೊಳವೆಗಳಿದ್ದವು. ಅದೇ ಕಾಲದಲ್ಲಿ ಫ್ರಾನ್ಸಿನ ಮಾರ್ಕ್ ಸೆಗ್ವಿನ್ ಕೂಡ ಇದೇ ದಾರಿ ಹಿಡಿದಿದ್ದ. ಬಾಯ್ಲರಿನ ಗಾತ್ರ ಬೆಳೆಯದೆಯೇ ಶಾಖ ನೀರಿಗೆ ದಾಟುವ ಮೈ ಹಲವು ಪಟ್ಟು ಹೆಚ್ಚಿತು.

ಆದರೆ ಇದರಿಂದ ಹೊಸ ತೊಡಕೊಂದು ಎದುರಾಗುತ್ತದೆ. ಅಷ್ಟು ಸಣ್ಣ ಕೊಳವೆಗಳಲ್ಲಿ ಹೊಗೆ ತಾನಾಗಿ ಹರಿಯುವುದಿಲ್ಲ. ಕಾರ್ಖಾನೆಯಲ್ಲಾದರೆ ಮುಗಿಲೆತ್ತರದ ಚಿಮಣಿ ಕಟ್ಟಿ ಹೊಗೆಯನ್ನು ಸೆಳೆದುಕೊಳ್ಳಬಹುದು. ಸುರಂಗದಲ್ಲಿ ನುಸುಳಬೇಕಾದ ರೈಲು ಎಂಜಿನ್ನಿಗೆ ಆ ಭಾಗ್ಯವಿಲ್ಲ, ಅದರ ಚಿಮಣಿ ಮೊಂಡಾಗಿಯೇ ಇರಬೇಕು. ಕಮ್ಮಾರನ ಕುಲುಮೆಗೆ ತಿದಿ ಒತ್ತುವವನೊಬ್ಬ ಬೇಕಾಗುವಂತೆ ಇಲ್ಲಿಯೂ ಯಾರೋ ಗಾಳಿಯನ್ನು ಒದಗಿಸಬೇಕು. ಅದು ಯಾರು ಎಂಬುದನ್ನು ಹೇಳುವ ಮೊದಲು ಹಬೆಯ ದಾರಿಯನ್ನು ಒಮ್ಮೆ ನಡೆದು ಬರೋಣ.

ಬಾಯ್ಲರಿನ ಬೆನ್ನ ಮೇಲಿರುವ ಗುಮ್ಮಟದಂಥ ಡೋಮಿನಲ್ಲಿ, ಕುದಿಯುವ ನೀರಿನ ಎರಚಲು ಮುಟ್ಟದಷ್ಟು ಎತ್ತರದಲ್ಲಿ, ಹಬೆ ಸಂಗ್ರಹವಾಗುತ್ತದೆ. ಚದರ ಅಂಗುಲಕ್ಕೆ 200 ಪೌಂಡಿನಷ್ಟು ಒತ್ತಡವಿದ್ದರೆ ಆ ನೀರು ಕುದಿಯುವುದು 100 ಡಿಗ್ರಿಯಲ್ಲಲ್ಲ, ಸುಮಾರು 198 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಡ್ರೈವರು ಹಬೆಯನ್ನು ಬಿಡುವ, ತಡೆಯುವ ಹಿಡಿಯಾದ ರೆಗ್ಯುಲೇಟರ್ ಎಳೆದಾಗ ಹಬೆ ಕೆಳಗಿಳಿದು ಸಿಲಿಂಡರಿನತ್ತ ಬರುತ್ತದೆ. ಅಲ್ಲಿ ವಾಲ್ವು ಒಮ್ಮೆ ಪಿಸ್ಟನ್ನಿನ ಮುಂಬದಿಗೂ ಮತ್ತೊಮ್ಮೆ ಹಿಂಬದಿಗೂ ಹಬೆಯನ್ನು ಬಿಡುವುದರಿಂದ ಪಿಸ್ಟನ್ ಹೋಗುವಾಗಲೂ ಬರುವಾಗಲೂ ಕೆಲಸ ಮಾಡುತ್ತದೆ. ಪಿಸ್ಟನ್ನಿನ ಹಿಂದೆಮುಂದೆ ಓಟವನ್ನು ಕನೆಕ್ಟಿಂಗ್ ರಾಡು ಚಕ್ರದ ಸುತ್ತಾಟವಾಗಿ ಮಾರ್ಪಡಿಸುವುದನ್ನು ನೀನು ಕಣ್ಣಾರೆ ಕಂಡಿದ್ದೀಯೆ. ಅದನ್ನು ವಿವರಿಸುತ್ತಾ ಕೂರುವುದಿಲ್ಲ.

ಈಗ ದುಡಿದು ಮುಗಿಸಿದ ಹಬೆಯ ಸಂಗತಿ. ಜೇಮ್ಸ್ ವಾಟ್ 1769ರಲ್ಲಿ ಪೇಟೆಂಟ್ ಪಡೆದದ್ದು ಈ ಹಬೆಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸುವ ಕಂಡೆನ್ಸರಿಗೆ, ಅಂದರೆ ನಿನ್ನ ಚಿತ್ರದ ಮೂರನೆಯ ಚೌಕಕ್ಕೆ. (ಕೆಟಲ್ಲಿನ ಮುಚ್ಚಳ ಕುಣಿದದ್ದನ್ನು ನೋಡಿ ಅವನು ಉಗಿಯಂತ್ರವನ್ನೇ ಕಂಡುಹಿಡಿದನೆಂಬ ಕಥೆಯನ್ನು ಮರೆತುಬಿಡು, ವಾಟ್ ಹುಟ್ಟುವ ಮೊದಲೇ, 1712ರಲ್ಲಿ, ನ್ಯೂಕಾಮನ್ನನ ಯಂತ್ರ ಗಣಿಯ ನೀರೆತ್ತುತ್ತಿತ್ತು.) ಕಂಡೆನ್ಸರ್ ಲಾಭದಾಯಕವೇ ಸರಿ, ಆದರೆ ಅದಕ್ಕೆ ಧಾರಾಳವಾಗಿ ತಣ್ಣೀರು ಬೇಕು ಮತ್ತು ಅದು ಭಾರ. ಹೆಚ್ಚಿನ ಒತ್ತಡದ ಹಬೆಯನ್ನು ಬಳಸಿ, ದುಡಿದ ಹಬೆಯನ್ನು ಹೊರಗೆ ಬಿಟ್ಟುಬಿಡುವ ಧೈರ್ಯವನ್ನು ರಿಚರ್ಡ್ ಟ್ರೆವಿಥಿಕ್ ಮಾಡಿದ. 1804ರಲ್ಲಿ ವೇಲ್ಸ್‌ನ ಪೆನಿಡ್ಯಾರನ್‌ನಲ್ಲಿ ಅವನ ಎಂಜಿನ್ 10 ಟನ್ ಕಬ್ಬಿಣವನ್ನು ಹಳಿಯ ಮೇಲೆ ಎಳೆಯಿತು. ಅವನು ಆ ಹಬೆಯನ್ನು ಸುಮ್ಮನೆ ಗಾಳಿಗೆ ಬಿಡದೆ ಚಿಮಣಿಯೊಳಗೆ ತಿರುಗಿಸಿದ, ಮತ್ತು ಹಾಗೆ ಮಾಡಿದಾಗ ಬೆಂಕಿ ಚುರುಕಾಗುವುದನ್ನು ಗಮನಿಸಿದ.

ಕುಲುಮೆಯ ತಿದಿ ಇದೇ. ಸಿಲಿಂಡರಿನಿಂದ ಹೊರಟ ಹಬೆ ಸ್ಮೋಕ್‌ಬಾಕ್ಸಿನ ತಳದಲ್ಲಿರುವ ಬ್ಲಾಸ್ಟ್ ಪೈಪಿನ ಕಿರಿದಾದ ಬಾಯಿಂದ ನೇರವಾಗಿ ಚಿಮಣಿಯತ್ತ ಚಿಮ್ಮುತ್ತದೆ, ಚಿಮ್ಮುವಾಗ ಸುತ್ತಲಿನ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಸ್ಮೋಕ್‌ಬಾಕ್ಸಿನಲ್ಲಿ ಒತ್ತಡ ತಗ್ಗುವುದರಿಂದ ಕೊಳವೆಗಳ ಬಿಸಿ ಹೊಗೆ ಮುಂದಕ್ಕೆ ನುಗ್ಗುತ್ತದೆ, ಅದರ ಜಾಗವನ್ನು ತುಂಬಲು ಕೆಂಡದ ಕೆಳಗಿನ ಜಾಲರಿಯಿಂದ ಹೊಸ ಗಾಳಿ ಮೇಲೇರುತ್ತದೆ. ಅಜ್ಜಿ ಊದುಕೊಳವೆಯಿಂದ ಒಲೆಯನ್ನು ಊದುತ್ತಿದ್ದರು. ಎಂಜಿನ್ ಊದುವುದಿಲ್ಲ, ಸೆಳೆಯುತ್ತದೆ. ನನಗೆ ಇದರಲ್ಲಿ ಬಹಳ ಸೊಗಸಾಗಿ ಕಾಣುವ ಅಂಶವೆಂದರೆ, ಏರಿನಲ್ಲಿ ಎಂಜಿನ್ ಹೆಚ್ಚು ಹಬೆಯನ್ನು ನುಂಗಿದಷ್ಟೂ ಚಿಮಣಿಯಿಂದ ಹೆಚ್ಚು ಹಬೆ ಹೋಗುತ್ತದೆ, ಹೆಚ್ಚು ಹೋದಷ್ಟೂ ಬೆಂಕಿ ಜೋರಾಗುತ್ತದೆ, ಜೋರಾದಷ್ಟೂ ಹೊಸ ಹಬೆ ಹುಟ್ಟುತ್ತದೆ. ಬೇಡಿಕೆಯೇ ಪೂರೈಕೆಯನ್ನು ಎಬ್ಬಿಸುವ ಈ ಏರ್ಪಾಡಿಗೆ ಚಲಿಸುವ ಒಂದು ಬಿಡಿಭಾಗವೂ ಬೇಕಿಲ್ಲ.

ರೆಗ್ಯುಲೇಟರ್ ಮುಚ್ಚಿದರೆ ಈ ಸೆಳೆತವೂ ನಿಲ್ಲುತ್ತದೆ. ಆಗ ಉರಿ ಹಿಂದಕ್ಕೆ, ಬೆಂಕಿಬಾಗಿಲಿನಿಂದ ಫೈರ್‌ಮ್ಯಾನ್‌ನ ಮುಖಕ್ಕೆ ಬರಬಹುದು. ಅದಕ್ಕಾಗಿ ಬಾಯ್ಲರಿನ ಹಬೆಯನ್ನೇ ನೇರವಾಗಿ ಚಿಮಣಿಯ ಬುಡಕ್ಕೆ ಬಿಡುವ ಬ್ಲೋವರ್ ಎಂಬ ಸಣ್ಣ ಏರ್ಪಾಡಿದೆ. ರೆಗ್ಯುಲೇಟರ್ ಮುಚ್ಚುವ ಮೊದಲು ಬ್ಲೋವರ್ ತೆರೆಯುವುದನ್ನು ಮೀಟರ್ ಗೇಜಿನಲ್ಲಿ ಫೈರ್‌ಮ್ಯಾನ್ ಆಗಿದ್ದ ನಿನ್ನ ಅಜ್ಜ ಒಮ್ಮೆಯೂ ಮರೆಯಲಿಲ್ಲವೆಂದು ಹೇಳಿಕೊಳ್ಳುತ್ತಿದ್ದರು. ಅವರ ಮುಂಗೈಯಲ್ಲಿದ್ದ ಸುಟ್ಟ ಕಲೆಯನ್ನು ನೋಡಿದವನಾದ್ದರಿಂದ ನಾನು ಅದನ್ನು ಪೂರ್ತಿ ನಂಬಲಿಲ್ಲ.

ಇನ್ನು ಸದ್ದಿನ ಲೆಕ್ಕ. ಪಿಸ್ಟನ್ ಎರಡೂ ಬದಿಯಿಂದ ದುಡಿಯುವುದರಿಂದ ಚಕ್ರದ ಒಂದು ಸುತ್ತಿಗೆ ಒಂದು ಸಿಲಿಂಡರ್ ಎರಡು ಸಲ ಹಬೆ ಬಿಡುತ್ತದೆ. ಎಡಬಲದ ಎರಡು ಸಿಲಿಂಡರುಗಳ ಕ್ರ್ಯಾಂಕುಗಳನ್ನು, ಅಂದರೆ ಕನೆಕ್ಟಿಂಗ್ ರಾಡು ಚಕ್ರವನ್ನು ಹಿಡಿದು ತಿರುಗಿಸುವ ತೋಳುಗಳನ್ನು, ಒಂದಕ್ಕೊಂದು 90 ಡಿಗ್ರಿ ತಿರುಗಿಸಿ ಜೋಡಿಸಿರುತ್ತಾರೆ. ಒಂದು ಪಿಸ್ಟನ್ ತುದಿ ಮುಟ್ಟಿ ಬಲಗುಂದಿದಾಗ ಇನ್ನೊಂದು ತುಂಬು ಬಲದಲ್ಲಿರುವಂತೆ ಮಾಡುವ ಉಪಾಯವಿದು, ಇಲ್ಲವಾದರೆ ಎಂಜಿನ್ ನಿಂತಲ್ಲಿಂದ ಹೊರಡಲಾಗದೆ ಸಿಕ್ಕಿಹಾಕಿಕೊಂಡೀತು. ಹೀಗಾಗಿ ಒಂದು ಸುತ್ತಿಗೆ ಸಮ ಅಂತರದ ನಾಲ್ಕು ಸದ್ದುಗಳು. ಹೊರಡುವಾಗ ಡ್ರೈವರು ಪಿಸ್ಟನ್ನಿನ ಓಟದ ಸುಮಾರು ಮುಕ್ಕಾಲು ಭಾಗದವರೆಗೂ ಹಬೆ ಬಿಡುವಂತೆ, ವಾಲ್ವನ್ನು ಆಡಿಸುವ ವಾಲ್ವ್ ಗೇರನ್ನು ಇಟ್ಟಿರುತ್ತಾನೆ. ಹಬೆ ಇನ್ನೂ ಒತ್ತಡದಲ್ಲಿರುವಾಗಲೇ ಹೊರಬೀಳುವುದರಿಂದ ಸದ್ದು ಗುಂಡು ಹಾರಿಸಿದಂತಿರುತ್ತದೆ. ವೇಗ ಬಂದ ಮೇಲೆ ಕಾಲು ಭಾಗಕ್ಕೋ ಅದಕ್ಕಿಂತ ಮೊದಲೋ ಹಬೆಯನ್ನು ತಡೆದು, ಒಳಗಿರುವುದು ತಾನೇ ಹಿಗ್ಗಿ ಪಿಸ್ಟನ್ನನ್ನು ತಳ್ಳಲೆಂದು ಬಿಡುತ್ತಾನೆ. ಆಗ ಸದ್ದು ಮೆದುವಾಗುತ್ತದೆ, ಕಲ್ಲಿದ್ದಲೂ ಉಳಿಯುತ್ತದೆ. ಬೆಲ್ಜಿಯಂನ ವಾಲ್ಷಾರ್ಟ್ಸ್ 1844ರಲ್ಲಿ ರೂಪಿಸಿದ ವಾಲ್ವ್ ಗೇರು ಈ ಕೆಲಸವನ್ನು ಉಗಿಯುಗದ ಕೊನೆಯವರೆಗೂ ಮಾಡಿತು. ವಾಲ್ವಿನ ಹೊಂದಾಣಿಕೆ ತಪ್ಪಿದರೆ ನಾಲ್ಕರಲ್ಲಿ ಒಂದು ಸದ್ದು ಕುಂಟುತ್ತದೆ. ಅಜ್ಜ ಮನೆಯ ಜಗಲಿಯಲ್ಲಿ ಕುಳಿತೇ ದೂರದ ಗಾಡಿಯ ಬೀಟು ಕೇಳಿ, ‘ಇದಕ್ಕೆ ಶೆಡ್ಡಿನಲ್ಲಿ ಕೆಲಸವಿದೆ’ ಎನ್ನುತ್ತಿದ್ದರು.

ಇಷ್ಟೆಲ್ಲ ಹೊಗಳಿದರೂ ಒಂದು ಮಾತು ಮುಚ್ಚಿಡಬಾರದು. ಕಲ್ಲಿದ್ದಲಿನ ನೂರು ಪಾಲು ಶಾಖದಲ್ಲಿ ಹತ್ತು ಪಾಲನ್ನೂ ಇಂಥ ಎಂಜಿನ್ ಎಳೆತಕ್ಕೆ ಒದಗಿಸುತ್ತಿರಲಿಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ಆ ಚಿಮಣಿಯಿಂದಲೇ ಹೋಗುತ್ತಿತ್ತು. ಕಂಡೆನ್ಸರನ್ನು ಬಿಟ್ಟದ್ದಕ್ಕೆ ತೆತ್ತ ಬೆಲೆಯಲ್ಲಿ ಇದೂ ಒಂದು. ದಾರಿಯುದ್ದಕ್ಕೂ ನೀರು ತುಂಬಿಸಿಕೊಳ್ಳಬೇಕಾದ ಕಷ್ಟ ಬೇರೆ.

ಮುಂದಿನ ಸಲ ಹೋದಾಗ ಕೊನೆಯ ಬೋಗಿಯಲ್ಲಿ ಕುಳಿತುಕೊಳ್ಳೋಣ, ಏಕೆಂದರೆ ಕೂನೂರಿಗೆ ಏರುವಾಗ ಎಂಜಿನ್ ಹಿಂದಿನಿಂದ ಗಾಡಿಯನ್ನು ತಳ್ಳುತ್ತದೆ. ನಾಲ್ಕು ಸದ್ದಿಗೆ ಒಂದು ಸುತ್ತು ಎಂದಮೇಲೆ, ಚಕ್ರದ ವ್ಯಾಸ ಗೊತ್ತಿದ್ದರೆ ಗಡಿಯಾರ ಹಿಡಿದು ವೇಗವನ್ನು ಲೆಕ್ಕ ಹಾಕಬಹುದು: 4 ಅಡಿ 6 ಅಂಗುಲದ ಚಕ್ರವಾದರೆ ಒಂದು ಸುತ್ತಿಗೆ ಸುಮಾರು 4.3 ಮೀಟರು, ಸೆಕೆಂಡಿಗೆ ನಾಲ್ಕು ಸದ್ದು ಬಂದರೆ ಗಂಟೆಗೆ ಹೆಚ್ಚುಕಡಿಮೆ 15.5 ಕಿಲೋಮೀಟರು. ಆದರೆ ನಿನ್ನ ಎಣಿಕೆಯನ್ನು ದಾರಿಯಲ್ಲಿ ಕಲ್ಲಾರ್ ನಿಲ್ದಾಣ ಬರುವುದರೊಳಗೆ ಮುಗಿಸು. ಅಲ್ಲಿಂದ ಮುಂದೆ 12 ಅಡಿಗೆ ಸುಮಾರು 1 ಅಡಿಯ ಏರು. ಅಲ್ಲಿ ಎಂಜಿನ್ ಜಾರದಂತೆ ಹಳಿಗಳ ನಡುವೆ ಹಲ್ಲುಗಳಿರುವ ಹಲ್ಲುಹಳಿಯನ್ನು ಹಾಕಿದ್ದಾರೆ. ಹಲ್ಲುಹಳಿಗೆ ಕಚ್ಚುವ ಹಲ್ಲುಚಕ್ರವನ್ನು ತಿರುಗಿಸಲು ಆ ಎಂಜಿನ್ನಿನಲ್ಲಿ ಇನ್ನೊಂದು ಜೊತೆ ಸಿಲಿಂಡರುಗಳಿವೆ, ಮೊದಲ ಜೊತೆಯಲ್ಲಿ ದುಡಿದ ಹಬೆ ಚಿಮಣಿಗೆ ಹೋಗುವ ಬದಲು ಅಲ್ಲಿ ಎರಡನೆಯ ಸಲ ದುಡಿಯುತ್ತದೆ. ಕಲ್ಲಾರ್ ದಾಟಿದ ಮೇಲೆ ನಿನಗೆ ಕೇಳಿಸುವುದು ಆ ಎರಡನೆಯ ಜೊತೆಯ ಸದ್ದು.

ಇಂತಿ,
ನಿನ್ನ ಅಪ್ಪ